ಪರದೆಯಲ್ಲಿ ದಪ್ಪಗಾದ ಅಕ್ಕ

ಮೂರನೆಯ ಬ್ಯಾಡ್ಜೂ ಮೊಟ್ಟೆಯಾಗಿಯೇ ಹೊರಬಂದಾಗ ಚಿಕ್ಕಮ್ಮ ಕಸೂತಿ ಮೆಷಿನ್ನನ್ನೇ ಆರಿಸಿಬಿಟ್ಟಳು. ಅಂಗಡಿಗೆ ಬರುವವರಿಗೆಲ್ಲ ಅವಳು ಚಿಕ್ಕಮ್ಮ; ಅಂಗಡಿಯ ಯಜಮಾನಿಯಾದ ಅಕ್ಕನಿಗೆ ಮಾತ್ರ, ವಯಸ್ಸು ಐವತ್ತೇಳಾದರೂ, ಇನ್ನೂ ಪುಟ್ಟಿ. ಮುಂದಿನ ಕೋಣೆಯಲ್ಲಿ ಅಕ್ಕ ಬಟ್ಟೆ ಕತ್ತರಿಸುತ್ತಾಳೆ. ಒಳಕೋಣೆಯಲ್ಲಿ ತಂಗಿ ಹಳೆಯ ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು, ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಕಸೂತಿ ಮೆಷಿನ್ನಿಗೆ ಉಣಿಸುತ್ತಾಳೆ. ಇಬ್ಬರಿಗೂ ಜಂಬ ಒಂದೇ, ಕಣ್ಣಳತೆಯದು. ಟೇಪು ಹಿಡಿಯುವುದು ಕಲಿಯುವವರ ಕೆಲಸ ಎಂಬ ಸೊಕ್ಕು ಅವರಿಗೆ ಅಮ್ಮನಿಂದ ಬಂದದ್ದು. ಚಿತ್ರದ ಅಗಲ ಎಷ್ಟು, ಎತ್ತರ ಎಷ್ಟು ಎಂದು ಲ್ಯಾಪ್‌ಟಾಪು ಮೂಲೆಯಲ್ಲಿ ಅಂಕಿ ತೋರಿಸುತ್ತಲೇ ಇತ್ತು. ಹನ್ನೊಂದು ವರ್ಷದಲ್ಲಿ ಚಿಕ್ಕಮ್ಮ ಒಮ್ಮೆಯೂ ಅತ್ತ ತಿರುಗಿ ನೋಡಿದವಳಲ್ಲ.

ಬ್ಯಾಡ್ಜುಗಳು ಊರಿನ ಬ್ಯಾಂಡಿನವರವು. ಒಟ್ಟು ನಲವತ್ತು, ಎಲ್ಲವೂ ಗುಂಡಗೆ, ನಡುವೆ ಒಂದು ತುತ್ತೂರಿ. ಮೊದಲನೆಯದನ್ನು ಬ್ಯಾಂಡ್ ಮಾಸ್ತರು ಎದೆಗೆ ಹಿಡಿದು ನೋಡಿ, ತಮ್ಮವರು ಊದುವುದು ತುತ್ತೂರಿಯನ್ನೇ ಹೊರತು ಬದನೆಕಾಯಿಯನ್ನಲ್ಲ ಎಂದು ನಕ್ಕು ಹೋಗಿದ್ದರು. ಶನಿವಾರ ಅವರ ಕಾರ್ಯಕ್ರಮ. ಇವತ್ತು ಗುರುವಾರ.

ತಪ್ಪು ಮೆಷಿನ್ನಿನದಲ್ಲ ಎಂಬುದು ಗೊತ್ತಾಗಿತ್ತು. ಪೆನ್‌ಡ್ರೈವಿನಲ್ಲಿದ್ದ ಹೋದ ವರ್ಷದ ಚಿತ್ರವೊಂದನ್ನು ನೇರವಾಗಿ ಹಾಕಿ ನೋಡಿದಾಗ, ಅದು ನಾಣ್ಯದಷ್ಟು ಗುಂಡಗೆ ಬಂದಿತ್ತು. ಮೆಷಿನ್ ಸರಿಯಿದೆ, ನೂಲು ಸರಿಯಿದೆ. ಲ್ಯಾಪ್‌ಟಾಪಿನಲ್ಲಿ ಗುಂಡಗೆ ಕಂಡದ್ದನ್ನೇ ತಾನು ಕಳಿಸುತ್ತಿದ್ದೇನೆ. ಮತ್ತೆ ಉಳಿದದ್ದು ಯಾರು? ತಾನೇ.

ಅಕ್ಕ ಮೂರೂ ಬ್ಯಾಡ್ಜುಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದಳು. ಬೈದಿದ್ದರೆ ಚಿಕ್ಕಮ್ಮ ತಿರುಗಿ ಬೈಯುತ್ತಿದ್ದಳು. ಅಕ್ಕ ಬೈಯಲಿಲ್ಲ.

"ಪುಟ್ಟಿ, ಅಮ್ಮನಿಗೂ ಹೀಗೇ ಶುರುವಾಗಿದ್ದು."

ಅಮ್ಮನ ಕಸೂತಿಯ ಹೂಗಳು ಒಂದು ವರ್ಷ ಸುಮ್ಮನೆ ಓರೆಯಾಗುತ್ತ ಬಂದವು. ಎರಡನೆಯ ವರ್ಷ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಆಮೇಲೆ ಮಕ್ಕಳ ಮುಖವನ್ನು ಕೈಯಿಂದ ಮುಟ್ಟಿ ಗುರುತಿಸುತ್ತಿದ್ದಳು. ಚಿಕ್ಕಮ್ಮನಿಗೆ ಇದೆಲ್ಲ ನೆನಪಿಲ್ಲದೆ ಏನು? ಹತ್ತು ದಿನಗಳಿಂದ ಎದೆಯಲ್ಲಿ ಇಟ್ಟುಕೊಂಡು ಬೇಯುತ್ತಿದ್ದ ಮಾತನ್ನೇ ಅಕ್ಕ ಆಡಿಬಿಟ್ಟಿದ್ದಳು. ಬ್ಯಾಡ್ಜುಗಳನ್ನು ದೊಡ್ಡ ರಸ್ತೆಯ ಕಸೂತಿ ಅಂಗಡಿಗೆ ಕೊಟ್ಟುಬಿಡೋಣ, ನಾಳೆಯಿಂದ ನೀನು ಕಾಜಾ ಗುಂಡಿ ನೋಡಿಕೊಂಡರೆ ಸಾಕು ಎಂದೂ ಅಕ್ಕ ಹೇಳಿದಳು. ಮೆತ್ತಗೆ ಹೇಳಿದ್ದಕ್ಕೇ ಅದು ಹೆಚ್ಚು ಉರಿಯಿತು.

ಚಿಕ್ಕಮ್ಮ ಒಳಗೆ ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ, ಕಣ್ಣು ಚೆನ್ನಾಗಿದ್ದ ಕಾಲದ ಕೆಲಸವನ್ನಾದರೂ ನೋಡೋಣ ಎಂದು ಲ್ಯಾಪ್‌ಟಾಪಿನಲ್ಲಿ ಹಳೆಯ ಕಡತಗಳನ್ನು ಹುಡುಕತೊಡಗಿದಳು. ಹುಡುಕುವಾಗ ಅಂಗಡಿ ತೆರೆದ ದಿನದ ಫೋಟೋ ತೆರೆದುಕೊಂಡಿತು. ಬಾಗಿಲಲ್ಲಿ ಅಕ್ಕ, ತಂಗಿ. ಅಷ್ಟರಲ್ಲಿ ದೊಡ್ಡ ರಸ್ತೆಯ ಅಂಗಡಿಗೆ ಕೊಡಲು ತುತ್ತೂರಿಯ ಚಿತ್ರ ಕೇಳಲೆಂದು ಅಕ್ಕ ಒಳಗೆ ಬಂದಳು. ಆ ಪೆಟ್ಟಿಗೆಯ ಹತ್ತಿರ ಸುಳಿಯದವಳು ಅಂದು ಬಗ್ಗಿ ನೋಡಿದಳು. ನೋಡಿದವಳ ಮೂಗು ಕೆಂಪಾಯಿತು.

"ಇದ್ಯಾರು?"

"ನೀನೇ ಅಕ್ಕ."

"ನಾನ್ಯಾವಾಗ ಇಷ್ಟು ದಪ್ಪ ಇದ್ದೆ? ಇದೇ ಫೋಟೋ ಅಲ್ಲಿ ಗೋಡೆ ಮೇಲಿದೆ, ನೋಡು. ಕಡ್ಡಿ ಹಾಗಿದ್ದೀನಿ."

ಕಡ್ಡಿ ಎಂಬುದು ಅಕ್ಕನ ಧಾರಾಳ. ಆದರೂ ಗೋಡೆಯ ಮೇಲಿನ ಅಕ್ಕನಿಗೂ ಪರದೆಯ ಮೇಲಿನ ಅಕ್ಕನಿಗೂ ಅಜಗಜಾಂತರ ಇದ್ದದ್ದು ನಿಜ. ಚಿಕ್ಕಮ್ಮ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಪರದೆ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು:

"ನಿನ್ನ ಕಣ್ಣಿಗೂ ದಪ್ಪಾನೇ ಕಾಣ್ತಿದೆಯಾ?"

"ಕಾಣದೆ ಏನು, ಎಮ್ಮೆ ಥರ ಇದೆ."

"ಹಾಗಾದ್ರೆ ಇದು ನನ್ನ ಕಣ್ಣಿನ ತಪ್ಪಲ್ಲ."

ಚಿಕ್ಕಮ್ಮ ಕುರ್ಚಿಯನ್ನು ಮುಂದೆಳೆದುಕೊಂಡಳು. ಕಸೂತಿಯ ಪುಟ ತೆರೆದು, ಜನ್ಮದಲ್ಲಿ ಮೊದಲ ಬಾರಿ ಅಂಕಿ ನೋಡುತ್ತ, ಅಗಲಕ್ಕೂ ಒಂಬತ್ತು, ಎತ್ತರಕ್ಕೂ ಒಂಬತ್ತು ಎಂದು ಒಂದು ವೃತ್ತ ಹಾಕಿದಳು. ಪರದೆಯ ಮೇಲೆ ಅದು ಅಡ್ಡ ಮಲಗಿದ ಮೊಟ್ಟೆಯಾಯಿತು. ಎಲ್ಲ ಅರ್ಥವಾಗಿಹೋಯಿತು. ಪರದೆ ಎಲ್ಲವನ್ನೂ ಅಡ್ಡಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಕಣ್ಣಿಗೆ ಗುಂಡಗೆ ಕಾಣುವ ತನಕ ಅವಳು ಎರಡೂ ಪಕ್ಕದಿಂದ ಹಿಸುಕುತ್ತಿದ್ದಳು. ಹಿಸುಕಿದ್ದೇ ಬಟ್ಟೆಯ ಮೇಲೆ ಬದನೆಕಾಯಿಯಾಗುತ್ತಿತ್ತು. ಟೇಪು ಹಿಡಿಯುವ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಇದು ಶುರುವಾದದ್ದು ಯಾವಾಗ ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಎರಡು ವಾರದ ಹಿಂದೆ ಲ್ಯಾಪ್‌ಟಾಪು ಕೆಟ್ಟು, ರಿಪೇರಿಯವನು ಹೊಸ ಡಿಸ್ಕು ಹಾಕಿ, ಹಳೆಯ ಕಡತಗಳನ್ನು ಅದಕ್ಕೆ ನಕಲು ಮಾಡಿ, ವಿಂಡೋಸನ್ನು ಹೊಸದಾಗಿ ತುಂಬಿ ಕೊಟ್ಟಿದ್ದ. ಅಕ್ಷರಗಳು ದಪ್ಪಗಾಗಿವೆಯಲ್ಲ ಎಂದದ್ದಕ್ಕೆ, ವಯಸ್ಸಾದವರಿಗೆ ದಪ್ಪಗಿದ್ದರೇ ಒಳ್ಳೆಯದು ಎಂದಿದ್ದ. ಅವಳು ಅದನ್ನು ಉಪಕಾರವೆಂದೇ ತಿಳಿದು ಕೈ ಮುಗಿದು ಬಂದಿದ್ದಳು. ಈಗ ಫೋನು ಮಾಡಿದರೆ ಅವನು, ಹಳೆಯದು ಇರುವುದೇ ಹೀಗೆ, ಹೊಸದು ತಗೊಳ್ಳಿ ಎಂದು ಇಟ್ಟುಬಿಟ್ಟ. ಚಿಕ್ಕಮ್ಮನ ಮೈಯೆಲ್ಲ ಉರಿದುಹೋಯಿತು. ಆ ಉರಿಯೇ ಅವಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿತು.

ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದಳು. ಪರದೆಯ ಅಗಲ, ಎತ್ತರ ತಿಳಿಸುವ ರೆಸಲ್ಯೂಷನ್ ಎಂಬಲ್ಲಿ 1024, 768 ಎಂದು ಒಂದೇ ಒಂದು ಸಾಲು, ಅದೂ ಮಂಕಾಗಿ, ಮುಟ್ಟಿದರೆ ಅಲುಗದಂತೆ. ಅಲ್ಲಿ ಇಲ್ಲಿ ತಡಕಾಡಿ, ಒಳಗಿನ ಭಾಗಗಳ ಪಟ್ಟಿಯಿರುವ ಡಿವೈಸ್ ಮ್ಯಾನೇಜರಿಗೆ ಹೋದರೆ, ಪರದೆಯನ್ನು ನಡೆಸುವ ಭಾಗದ ಹೆಸರಿನ ಜಾಗದಲ್ಲಿ 'ಬೇಸಿಕ್' ಎಂದಷ್ಟೇ ಇತ್ತು. ಹನ್ನೊಂದು ವರ್ಷದ ಹಿಂದೆ, ಪೆನ್‌ಡ್ರೈವಿನ ಬದಲು ತಂತಿಯಿಂದ ಜೋಡಿಸುತ್ತಿದ್ದಾಗ, ಕಸೂತಿ ಮೆಷಿನ್ ಕೊಟ್ಟವರು, ಡ್ರೈವರ್ ಎಂಬ ತಂತ್ರಾಂಶ ಹಾಕದಿದ್ದರೆ ಲ್ಯಾಪ್‌ಟಾಪಿಗೆ ಇದರ ಗುರುತೇ ಸಿಗುವುದಿಲ್ಲ ಎಂದದ್ದು ಅವಳಿಗೆ ನೆನಪಿತ್ತು. ಮೆಷಿನ್ನಿಗೆ ಡ್ರೈವರ್ ಬೇಕು ಎಂದಾದರೆ ಪರದೆಗೂ ಬೇಡವೇ? ಆ ರಿಪೇರಿಯ ಪುಣ್ಯಾತ್ಮ ಅದನ್ನು ಹಾಕಿಯೇ ಇಲ್ಲ.

ಅದನ್ನು ಇಳಿಸಿಕೊಳ್ಳಲು ಲ್ಯಾಪ್‌ಟಾಪಿನ ಮಾಡೆಲ್ ನಂಬರು ಬೇಕು. ಮಗುಚಿ ನೋಡಿದರೆ ತಳದ ಚೀಟಿ ಸವೆದುಹೋಗಿದೆ. ಅಕ್ಕ ಕನ್ನಡಕ ಹಾಕಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಇಲ್ಲಿ ಏನೂ ಬರೆದೇ ಇಲ್ಲ ಎಂದಳು. ಚಿಕ್ಕಮ್ಮ ಕಿಟಕಿಯ ಬೆಳಕಿಗೆ ಓರೆ ಮಾಡಿ, ಒಂದೊಂದೇ ಅಕ್ಷರವನ್ನು ಓದಿ ಹೇಳಿದಳು.

ತಯಾರಕರ ತಾಣದಲ್ಲಿ ಆ ನಂಬರಿಗೆ ಎರಡು ಕಡತ ಸಿಕ್ಕವು. ಹೊಸದನ್ನು ಇಳಿಸಿ ಒತ್ತಿದಳು. ಇದು ಈ ಕಂಪ್ಯೂಟರಿಗಲ್ಲ ಎಂದು ಅದು ಮುಖಕ್ಕೆ ಹೊಡೆದಂತೆ ಹೇಳಿತು. ಹಳೆಯದನ್ನು ಇಳಿಸಿ ಒತ್ತಿದಳು. ಹಸಿರು ಪಟ್ಟಿ ಅರ್ಧ ದಾಟಿತು, ಪರದೆ ಪೂರ್ತಿ ಕಪ್ಪಾಯಿತು.

ಹೋಯ್ತಾ ಎಂದು ಅಕ್ಕ ಕೇಳಿದಳು. ಚಿಕ್ಕಮ್ಮ ಮೌಸಿನಿಂದ ಕೈ ತೆಗೆದು ಕಾದಳು. ಹತ್ತು ಎಣಿಸುವಷ್ಟು ಹೊತ್ತಾಯಿತು. ಇನ್ನೂ ಹತ್ತು. ಪರದೆ ಒಮ್ಮೆ ಮಿಣುಕಿ ಬೆಳಗಿತು. ಅಕ್ಷರಗಳೆಲ್ಲ ಬಳುಕಿ ಸಣ್ಣಗಾಗಿ, ಗೆರೆಗಳೆಲ್ಲ ಚೂಪಾಗಿ ನಿಂತಿದ್ದವು. ರೆಸಲ್ಯೂಷನ್ ಎಂಬಲ್ಲಿ ಈಗ ಉದ್ದದ ಪಟ್ಟಿಯೇ ಇತ್ತು; ಎಲ್ಲಕ್ಕೂ ಮೇಲೆ 1366, 768, ಪಕ್ಕದಲ್ಲಿ 'ಇದೇ ಸರಿ' ಎಂಬ ಶಿಫಾರಸು. ಕಸೂತಿಯ ಪುಟದಲ್ಲಿ ಒಂಬತ್ತಕ್ಕೆ ಒಂಬತ್ತರ ಆ ವೃತ್ತ ದುಂಡಗೆ ಕೂತಿತ್ತು. ಚಿಕ್ಕಮ್ಮ ಜೋರಾಗಿ ನಕ್ಕಳು. ಎಷ್ಟು ಜೋರೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯತ್ತ ನೋಡಿದರು.

ತುತ್ತೂರಿಯನ್ನು ಅವಳು ಮೊದಲಿನಿಂದ ಬರೆದಳು, ಹಟಕ್ಕೆ ಬಿದ್ದು ಅಂಕಿ ನೋಡದೆ ಬರೀ ಕಣ್ಣಳತೆಯಲ್ಲಿ. ಸಂಜೆ ಬ್ಯಾಂಡ್ ಮಾಸ್ತರು ಬಂದು ಬ್ಯಾಡ್ಜನ್ನು ಎದೆಗೆ ಹಿಡಿದುಕೊಂಡರು, ಕನ್ನಡಿಯ ಮುಂದೆ ನಿಂತರು. ತಮಾಷೆ ಮಾಡಲು ಏನೂ ಸಿಗದೆ, ಇದನ್ನು ಈಗಲೇ ಒಯ್ಯಲೇ ಎಂದು ಕೇಳಿದರು. ಮೂವತ್ತೊಂಬತ್ತು ಬಾಕಿ ಇದೆ, ನಾಳೆ ಎಲ್ಲ ಒಟ್ಟಿಗೇ ಕೊಡುತ್ತೇನೆ ಎಂದಳು ಚಿಕ್ಕಮ್ಮ. ದೊಡ್ಡ ರಸ್ತೆಯ ಅಂಗಡಿಯ ಮಾತನ್ನು ಅಕ್ಕ ಎತ್ತಲೇ ಇಲ್ಲ.

ಮಾಸ್ತರು ಹೋದ ಮೇಲೂ ಅಕ್ಕ ಒಳಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಕೈಯಲ್ಲಿ ಆಗತಾನೇ ಕತ್ತರಿಸಿದ ಕೋಟಿನ ಎರಡು ತುಂಡುಗಳಿದ್ದವು. ಮೂವತ್ತು ವರ್ಷದಲ್ಲಿ ಅವಳು ತನ್ನ ಕತ್ತರಿಯ ಬಗ್ಗೆ ಯಾರನ್ನೂ ಏನೂ ಕೇಳಿದವಳಲ್ಲ.

"ಪುಟ್ಟಿ, ಸ್ವಲ್ಪ ನೋಡಿ ಹೇಳು. ಎರಡೂ ಹೆಗಲು ಸಮ ಇದೆಯಾ?"

ಚಿಕ್ಕಮ್ಮ ಮೆಷಿನ್ ನಿಲ್ಲಿಸಿ, ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಎಡಗಡೆಯದು ಒಂದು ನೂಲಿನಷ್ಟು ಹೆಚ್ಚಿತ್ತು. ಅದನ್ನು ಹೇಳಿ, ಕುರ್ಚಿಯಲ್ಲೇ ಸರಿದು ಅಕ್ಕನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.