ನಿಧಾನ ಮೇಷ್ಟ್ರು ಕಾರು ನೋಡಲು ಹೋದದ್ದು

ಬಾನೆಟ್ಟಿನ ಮೇಲಿಟ್ಟ ಅಂಗೈಯನ್ನು ಭಾವಮೈದ ತೆಗೆಯಲೇ ಇಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿದವನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ.

"ಬಿಸಿಯಾಗಿದೆ ಭಾವ," ಎಂದ.

"ಬಿಸಿಲಿಗೆ ಇರಬೇಕು," ಎಂದರು ಮೇಷ್ಟ್ರು.

"ಗಾಡಿ ನಿಂತಿರೋದು ಶೆಡ್‌ನಲ್ಲಿ. ಶೆಡ್ ಒಳಗೆ ಯಾವ ಬಿಸಿಲು ಬಂತು?"

ಮೇಷ್ಟ್ರು ಶೆಡ್ಡಿನ ಸೂರು ನೋಡಿದರು. ಹನ್ನೊಂದು ದಿನದಿಂದ ಅವರಿಗೆ ನೆಮ್ಮದಿ ಇರಲಿಲ್ಲ. ಈ ಕಾರನ್ನು ಮೊದಲ ಸಲ ನೋಡಿದಾಗಿನಿಂದ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ, ಮಲಗಿದರೆ ಕಣ್ಣು ಹತ್ತುತ್ತಿರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇಪ್ಪತ್ತನಾಲ್ಕು ವರ್ಷ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಹಾಕಿಸಿಕೊಂಡಿದ್ದ ಇನ್ನೊಂದು ಜೋಡಿ ಕ್ಲಚ್ ಮತ್ತು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, "ನಿಧಾನ, ನಿಧಾನ" ಅಂದದ್ದೇ ಅಂದದ್ದು. ಕಲಿಯಲು ಬಂದವರು ಅಪ್ಪ ಅಮ್ಮ ಇಟ್ಟ ಹೆಸರನ್ನು ಮೂಲೆಗೆ ಹಾಕಿ ನಿಧಾನ ಮೇಷ್ಟ್ರು ಎಂದು ಕರೆದರು. ಬೋರ್ಡಿನ ಮೇಲೆ ಬೇರೆ ಹೆಸರಿದ್ದರೂ ಸ್ಕೂಲಿಗೆ ಅದೇ ಹೆಸರು ನಿಂತಿತು. ಅಂಥ ಮನುಷ್ಯನಿಗೆ ಐವತ್ತೆರಡನೇ ವಯಸ್ಸಿನಲ್ಲಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ, ಎರಡೇ ಬಾಗಿಲಿನ, ಕಡುನೀಲಿ ಸ್ಪೋರ್ಟ್ಸ್ ಕಾರಿನ ಮೇಲೆ ಕಣ್ಣು ಬಿತ್ತು. ಮೀಟರಿನಲ್ಲಿ ಎರಡು ಲಕ್ಷದ ಮೂವತ್ತೆಂಟು ಸಾವಿರ ಕಿಲೋಮೀಟರ್. ಆಸೆಗೆ ಹೊತ್ತು ಗೊತ್ತು ಎಲ್ಲಿಯದು?

ತೊಡಕು ಇದ್ದದ್ದು ಆಸೆಯಲ್ಲಲ್ಲ. ಸ್ಕೂಲಿನ ಕಾರಿಗೆ ವಯಸ್ಸಾಗಿತ್ತು. ಇನ್ನೊಂದು ವರ್ಷ ಕಳೆದರೆ ಅದರಲ್ಲಿ ಕಲಿಸಲು ಪರವಾನಗಿ ಸಿಗುವುದಿಲ್ಲ. ಹೊಸದನ್ನು ತರಲೆಂದು ಗಂಡ ಹೆಂಡತಿ ಆರು ವರ್ಷ ಕೂಡಿಟ್ಟ ಗಂಟು ಒಂದೇ ಒಂದು. ಆ ಗಂಟು ಬಿಚ್ಚಿ ಇದನ್ನು ತರುವುದು, ಒಂದು ವರ್ಷ ಮನಸಾರೆ ಓಡಿಸುವುದು, ಆಮೇಲೆ ಕೊಂಡ ಬೆಲೆಗೇ ಮಾರಿ ಸ್ಕೂಲಿಗೆ ಕಾರು ತರುವುದು ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡಿದ್ದರು. ಮಾತು ಸರಿಯಾಗಿಯೇ ಇತ್ತು, ಇಂಜಿನ್ ಕೈಕೊಡದಿದ್ದರೆ. ಕೈಕೊಟ್ಟರೆ ಕಾರೂ ಇಲ್ಲ, ಸ್ಕೂಲೂ ಇಲ್ಲ, ತುತ್ತಿನ ದಾರಿಯೂ ಇಲ್ಲ.

ಅದಕ್ಕೇ ಮೆಕ್ಯಾನಿಕ್ ಭಾವಮೈದನನ್ನು ಕರೆತಂದಿದ್ದರು. ಹೆಂಡತಿಯನ್ನೂ ಕರೆತಂದಿದ್ದರು. ಅವಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಮುರಿದ ಕಾಲು, ಜಜ್ಜಿದ ಮಂಡಿ ದಿನಾ ನೋಡುವವಳು. ಕಾರಿನ ಸುದ್ದಿ ತೆಗೆದ ದಿನ ಮನೆ ಸೂರು ಹಾರಿಹೋಗುತ್ತದೆ ಎಂದುಕೊಂಡಿದ್ದರು ಮೇಷ್ಟ್ರು. ಅವಳು "ನೋಡಿ" ಎಂದಿದ್ದಳು. ಅಷ್ಟೇ. ಬೈದಿದ್ದರೆ ಉಸಿರು ಬಿಡಬಹುದಿತ್ತು. "ನೋಡಿ" ಎಂದರೆ ಏನು ನೋಡುವುದು?

ಕಾರಿನ ಒಡೆಯ ಹಲ್ಲಿನ ಡಾಕ್ಟರು. ಕೈಯಲ್ಲಿ ದಪ್ಪ ಫೈಲು ಹಿಡಿದು ಮನೆಯೊಳಗಿಂದ ಬಂದರು. ಒಂಬತ್ತು ವರ್ಷದ ಸರ್ವೀಸ್ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದರು.

"ಎಲ್ಲಾ ಇದರಲ್ಲಿದೆ ಮೇಷ್ಟ್ರೇ. ಕಿಲೋಮೀಟರ್ ಜಾಸ್ತಿ ಅಂತ ಹೆದರಬೇಡಿ. ಎಲ್ಲಾ ಹೈವೇ ಓಟ."

"ಇಂಜಿನ್ ಬಿಸಿ ಇದೆಯಲ್ಲ ಡಾಕ್ಟ್ರೇ," ಎಂದ ಭಾವಮೈದ, ಕೈ ತೆಗೆಯದೆ.

"ಬೆಳಿಗ್ಗೆ ಸ್ವಲ್ಪ ಸ್ಟಾರ್ಟ್ ಮಾಡಿಟ್ಟಿದ್ದೆ. ನೀವು ಬರ್ತೀರಿ ಅಂತ."

"ಹೆಣ್ಣು ನೋಡೋಕೆ ಬರ್ತಾರೆ ಅಂದ್ರೆ ಪೌಡರ್ ಹಚ್ಚೋದು ಕೇಳಿದೀನಿ. ಗಾಡಿಗೂ ಹಚ್ತಾರಾ?"

ಡಾಕ್ಟರ ಮುಖ ಸಪ್ಪಗಾಯಿತು. "ಏನಪ್ಪಾ, ಅಷ್ಟು ಹಲ್ಲು ಹಿಡಿದು ನೋಡಬೇಕಾ?"

"ದಾನಕ್ಕೆ ಬಂದ ಎತ್ತಾದ್ರೆ ಹಲ್ಲು ನೋಡಬಾರದು. ಇದು ಕಾಸು ಕೊಟ್ಟು ಒಯ್ಯೋ ಎತ್ತು. ನೀವಾದ್ರೂ ಬಾಯಿ ತೆಗೆಸದೆ ಹಲ್ಲು ಕಿತ್ತಿದ್ದೀರಾ?"

ಡಾಕ್ಟರಿಗೆ ನಗು ಬಂತು. ಮೇಷ್ಟ್ರಿಗೆ ಬರಲಿಲ್ಲ. ಹಳೆ ಕಾರಿನ ರೋಗವೆಲ್ಲ ತಣ್ಣಗಿದ್ದಾಗ ಕೇಳಿಸುತ್ತದೆ, ಬಿಸಿಯಾದರೆ ಬಾಯಿ ಮುಚ್ಚಿಕೊಳ್ಳುತ್ತದೆ ಎಂಬುದು ಅವರಿಗೂ ಗೊತ್ತಿದ್ದ ಸಂಗತಿ. ಹನ್ನೊಂದು ದಿನದಲ್ಲಿ ನಾಲ್ಕು ಸಲ ಬಂದಿದ್ದರೂ ಒಮ್ಮೆಯೂ ಬಾನೆಟ್ ಮುಟ್ಟಿರಲಿಲ್ಲ. ಮುಟ್ಟುವುದು ಬೇಕಿರಲಿಲ್ಲ ಎಂದರೂ ಸರಿಯೇ.

"ಆರಲಿ, ಕಾಯ್ತೀವಿ," ಎಂದ ಭಾವಮೈದ.

"ಒಂದು ಗಂಟೆಗೆ ಇನ್ನೊಬ್ಬರು ಬರ್ತಾರೆ," ಎಂದರು ಡಾಕ್ಟರು.

ಆಗ ಹತ್ತು ಗಂಟೆ. ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಚಹಾ ಕೊಟ್ಟರು. ಭಾವಮೈದ ಎರಡು ಲೋಟ ಕುಡಿದು ಕಾಲು ಚಾಚಿದ. ಹೆಂಡತಿ ಡಾಕ್ಟರ ಫೈಲನ್ನು ರೋಗಿಯ ಚೀಟಿ ಓದುವಂತೆ ಒಂದೊಂದೇ ಹಾಳೆ ತಿರುವಿದಳು. ಮೇಷ್ಟ್ರು ಕೂತರು, ಎದ್ದರು, ಗೇಟಿನವರೆಗೆ ಹೋದರು, ಬಂದರು. ರಸ್ತೆಯಲ್ಲಿ ಯಾವ ಗಾಡಿ ನಿಧಾನವಾದರೂ ಆ ಇನ್ನೊಬ್ಬನೇ ಬಂದ ಎಂದು ಕತ್ತು ಚಾಚುತ್ತಿದ್ದರು. ಅವನು ಬಂದು ಒಯ್ದುಬಿಟ್ಟರೆ ಎಂಬ ಭಯ ಒಂದು. ಅವನು ಬಾರದೆ ಇದು ತಮ್ಮ ಪಾಲಿಗೇ ಉಳಿದರೆ ಎಂಬ ಭಯ ಇನ್ನೊಂದು.

"ಕೂತ್ಕೊಳ್ಳಿ ಅಂದ್ರೆ," ಎಂದಳು ಹೆಂಡತಿ. "ಹೆರಿಗೆ ವಾರ್ಡಿನ ಹೊರಗೆ ಗಂಡಂದಿರು ಓಡಾಡೋ ಹಾಗೆ ಓಡಾಡ್ತಿದ್ದೀರಿ."

"ನಿನಗೆ ಏನನ್ಸುತ್ತೆ? ಬಾಯಿ ಬಿಟ್ಟು ಹೇಳು."

"ಫೈಲು ಚೆನ್ನಾಗಿದೆ."

"ಫೈಲು ಕೊಳ್ಳೋಕೆ ಬಂದಿದೀವಾ ನಾವು?" ಮೇಷ್ಟ್ರು ರೇಗಿದರು. ಅವಳು ಇನ್ನೊಂದು ಹಾಳೆ ತಿರುವಿದಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಭಾವಮೈದ ಬಾನೆಟ್ ಮುಟ್ಟಿ ತಲೆಯಾಡಿಸಿದ. ಇಂಜಿನ್ ಪೂರ್ತಿ ತಣ್ಣಗಾಗಿರಲಿಲ್ಲ, ಆದರೆ ಕೇಳಿಸಿಕೊಳ್ಳುವಷ್ಟು ಆರಿತ್ತು. ಡಾಕ್ಟರು ಕೀ ತಿರುಗಿಸಿದರು. ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂಥ ಸದ್ದು ಮೂರು ಸೆಕೆಂಡು ಬಂತು. ಆಮೇಲೆ ಸದ್ದು ಅಡಗಿ ಇಂಜಿನ್ ಬೆಣ್ಣೆಯ ಹಾಗೆ ಓಡತೊಡಗಿತು.

"ಇಂಜಿನ್ ಒಳಗಿನ ಚೈನು," ಎಂದ ಭಾವಮೈದ. "ಸವೆದಿದೆ."

"ಅಂದ್ರೆ?"

"ಅಂದ್ರೆ ಐದು ವರ್ಷಾನೂ ಬರಬಹುದು, ಐದು ದಿನಾನೂ ಬರಬಹುದು. ತುಂಡಾದ್ರೆ ಇಂಜಿನ್ ಗುಜರಿಗೆ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ ಮಾರಾಯ. ತಗೋ ಅಂತೀಯೋ, ಬೇಡ ಅಂತೀಯೋ?"

"ನಾನು ಇಂಜಿನ್ ನೋಡೋನು ಭಾವ, ಜಾತಕ ಬರೆಯೋನಲ್ಲ. ಒಂದು ಸಲ ಓಡಿಸಿ ನೋಡಿ. ಓಡಿಸೋಕೆ ತಾನೇ ಕೊಳ್ಳೋದು?"

ಭಾವಮೈದ ಹಿಂದಿನ ಸೀಟಿನ ಸಂದಿಯಲ್ಲಿ ಮಂಡಿಯನ್ನು ಗದ್ದಕ್ಕೆ ಏರಿಸಿಕೊಂಡು ಕೂತ. ಹೆಂಡತಿ ಮುಂದೆ, ಮೇಷ್ಟ್ರ ಪಕ್ಕದಲ್ಲಿ. ಡಾಕ್ಟರು ಗೇಟಿನಲ್ಲಿ ನಿಂತು, ಗುಡ್ಡ ಹತ್ತಿ ಇಳಿದು ಬರಲು ಇಪ್ಪತ್ತು ನಿಮಿಷ ಸಾಕು ಎಂದರು. ಮೇಷ್ಟ್ರು ಸೀಟು ಸರಿಮಾಡಿಕೊಂಡರು. ಕನ್ನಡಿ ನೋಡಿದರು. ಸ್ಟೇರಿಂಗಿನ ಚರ್ಮ ನೂರಾರು ಸಲ ಹಿಡಿದ ಕಡೆ ನುಣುಪಾಗಿ ಹೊಳೆಯುತ್ತಿತ್ತು.

ಮೊದಲ ಎರಡು ಕಿಲೋಮೀಟರ್ ಮೂವತ್ತರಲ್ಲೇ ಹೋದರು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಇವರನ್ನು ದಾಟಿ ಹೋಗಿ ಹಿಂದಿರುಗಿ ನೋಡಿದ.

"ಭಾವ, ಇದು ಶವದ ಗಾಡಿ ಅಲ್ಲ," ಎಂದ ಹಿಂದಿನಿಂದ ಭಾವಮೈದ.

ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು. ಬೆನ್ನು ಸೀಟಿಗೆ ಅಂಟಿತು. ಏರು ಏರೇ ಅಲ್ಲ ಎಂಬಂತೆ ಕಾರು ಮೇಲೆ ನುಗ್ಗಿತು. ಅರವತ್ತು, ಎಂಬತ್ತು, ತೊಂಬತ್ತು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವರ ಬಾಯಿಂದ "ನಿಧಾನ" ಎಂಬ ಮಾತು ಬರಲಿಲ್ಲ. ಗುಡ್ಡದ ನೆತ್ತಿ ಬಂತು, ಇಳಿಜಾರು ಶುರುವಾಯಿತು, ತಿರುವು ಬಂತು. ತಿರುವಿನಾಚೆ ರಸ್ತೆಯ ಮಧ್ಯದಲ್ಲಿ ಕಸದ ಲಾರಿ ನಿಂತಿತ್ತು.

ಕಾಲು ತಾನಾಗಿ ಕೆಲಸ ಮಾಡಿತು. ಕ್ಲಚ್ ಮೊದಲು, ಬ್ರೇಕ್ ಆಮೇಲೆ. ಕಲಿಯುವವರ ಪಕ್ಕದಲ್ಲಿ ಕೂತವರ ಚಾಳಿ ಅದು. ಇಪ್ಪತ್ತರ ವೇಗದಲ್ಲಿ ಕ್ಲಚ್ ಮೊದಲು ಒತ್ತದಿದ್ದರೆ ಇಂಜಿನ್ ಆಫ್ ಆಗುತ್ತದೆ, ಹಿಂದಿನವರು ಹಾರನ್ ಹೊಡೆಯುತ್ತಾರೆ, ಕಲಿಯುವವರು ಅಳುತ್ತಾರೆ. ಸಾವಿರಾರು ಸಲ ಒತ್ತಿದ ಕಾಲಿಗೆ ಇದು ತೊಂಬತ್ತರ ಇಳಿಜಾರು ಎಂದು ಹೇಳುವವರು ಯಾರು? ಕ್ಲಚ್ ಒತ್ತಿದ ತಕ್ಷಣ ಇಂಜಿನ್ನಿನ ಹಿಡಿತ ತಪ್ಪಿ ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಮುಂದಕ್ಕೆ ಓಡಿತು. ಆಮೇಲೆ ಬ್ರೇಕು ಕಚ್ಚಿತು. ಟೈರು ಕಿರುಚಿತು. ಹಿಂದಿನವನ ತಲೆ ಮೇಷ್ಟ್ರ ಸೀಟಿಗೆ ಬಡಿಯಿತು.

ಲಾರಿಗೂ ಕಾರಿಗೂ ಮಧ್ಯೆ ಒಂದು ಮೊಳ ಜಾಗ ಉಳಿದಿತ್ತು. ಲಾರಿಯ ಹಿಂದೆ ನಿಂತಿದ್ದ ಹೆಂಗಸು ಕಸದ ಬುಟ್ಟಿಯನ್ನು ಎದೆಗವಚಿಕೊಂಡು ಇವರನ್ನು ನೋಡಿದಳು. ಬುಟ್ಟಿಯನ್ನು ಲಾರಿಗೆ ಸುರಿದು ಮುಂದಿನ ಮನೆಗೆ ಹೋದಳು.

ಭಾವಮೈದ ಹಣೆ ಉಜ್ಜಿಕೊಳ್ಳುತ್ತ, "ಕ್ಲಚ್ ಯಾಕೆ ಒತ್ತಿದ್ರಿ ಭಾವ? ಸದ್ದಲ್ಲೇ ಗೊತ್ತಾಯ್ತು ನನಗೆ," ಎಂದ.

ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಅವಳ ಎರಡೂ ಪಾದ ಮ್ಯಾಟಿನ ಮೇಲೆ ಬಲವಾಗಿ ಊರಿದ್ದವು, ಬೆರಳು ಬೆಳ್ಳಗಾಗಿದ್ದವು.

"ನಿಮ್ಮ ಕಾಲಡಿ ಬ್ರೇಕಿತ್ತು," ಎಂದಳು. ದನಿ ನಡುಗಲಿಲ್ಲ, ಅದೇ ಮೇಷ್ಟ್ರಿಗೆ ಹೆಚ್ಚು ಹೆದರಿಕೆ ತಂದಿತು. "ನನ್ನ ಕಾಲಡಿ ಏನೂ ಇರ್ಲಿಲ್ಲ."

"ಹಾಗಾದ್ರೆ ಬೇಡ ಅನ್ನು. ಮೊದಲ ದಿನಾನೇ ಬೇಡ ಅಂದಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

"ಅದಕ್ಕೇ ಅನ್ನಲಿಲ್ಲ. ಚೈನು ಹೋಗಿದೆ ಅಂತ ಇವನು ಹೇಳಬೇಕು, ಬೇಡ ಅಂತ ನಾನು ಹೇಳಬೇಕು, ಅಷ್ಟರಲ್ಲಿ ಇನ್ನೊಬ್ಬ ಬಂದು ಒಯ್ದುಬಿಡಬೇಕು. ಆಮೇಲೆ ಸಾಯೋವರೆಗೂ ಇವಳಿಂದ ಕಾರು ತಪ್ಪಿತು ಅಂತ ನನ್ನ ತಲೆ ತಿನ್ನೋದು. ಬ್ರೇಕ್ ಒತ್ತೋಕೆ ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದೀರಿ. ನಾನು ಒತ್ತಲ್ಲ ರೀ. ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಬಿಡಿ. ಸ್ಕೂಲು ಮುಚ್ಚಿದ್ರೆ ನನ್ನ ಸಂಬಳದಲ್ಲಿ ಗಂಜಿ ಕುಡಿಯೋಣ, ಅದಕ್ಕೂ ನಾನು ಮಾತಾಡಲ್ಲ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಅವಳು ಸುಳ್ಳು ಹೇಳಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕಾರನ್ನು ಗೇರಿಗೆ ಹಾಕಿದರು. ವಾಪಸು ಬರುವ ದಾರಿಯುದ್ದಕ್ಕೂ ಎಡಗಾಲನ್ನು ಕ್ಲಚ್ಚಿನಿಂದ ದೂರ ಇಡಬೇಕೆಂದು ಹಲ್ಲು ಕಚ್ಚಿ ಪ್ರಯತ್ನಿಸಿದರು. ಮೂರು ಕಡೆ ಬ್ರೇಕು ಬೇಕಾಯಿತು. ಮೂರು ಸಲವೂ ಕ್ಲಚ್ಚೇ ಮೊದಲು ಇಳಿಯಿತು. ತಿಳಿದೂ ಇಳಿಯಿತು.

ಗೇಟಿನ ಹತ್ತಿರ ಕಾರು ನಿಲ್ಲಿಸುವ ಮೊದಲು ಭಾವಮೈದ ಮುಂದಕ್ಕೆ ಬಾಗಿ ಪಿಸುಗುಟ್ಟಿದ, "ಭಾವ, ಬೇಡ ಅನ್ನಿಸಿದ್ರೆ ಚೈನು ಹೋಗಿದೆ ಅಂದ್ಬಿಡಿ. ನಾನು ಹೂಂ ಅಂತೀನಿ. ಮರ್ಯಾದೆ ಉಳಿಯುತ್ತೆ."

ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದರು. "ಹೇಗಿತ್ತು ಮೇಷ್ಟ್ರೇ? ಆ ಇನ್ನೊಬ್ಬರು ದಾರೀಲಿದ್ದಾರಂತೆ, ಈಗ ತಾನೇ ಫೋನು ಬಂತು. ನೀವು ಹೂಂ ಅಂದ್ರೆ ಬರಬೇಡಿ ಅಂತ ಹೇಳ್ತೀನಿ."

ಚೈನಿನ ಮಾತು ಮೇಷ್ಟ್ರ ನಾಲಗೆಯ ತುದಿಯವರೆಗೆ ಬಂತು. ಅದೂ ನಿಜವೇ. ಆದರೆ ಚೈನು ಹೋಗಿಲ್ಲದಿದ್ದರೂ ತಾವು ಕೊಳ್ಳುವಂತಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ. ಒಂಬತ್ತು ವರ್ಷ ಚೀಟಿ ಜೋಡಿಸಿಟ್ಟ ಮನುಷ್ಯನ ಮುಂದೆ ನಿಂತು ಅವನ ಕಾರಿನ ಮೇಲೆ ತಪ್ಪು ಹೊರಿಸಲು ಬಾಯಿ ಬರಲಿಲ್ಲ.

"ಚೈನು ಸವೆದಿದೆ, ಬರೋರಿಗೆ ಹೇಳಿ ಕೊಡಿ," ಎಂದರು. "ಅದಕ್ಕೆ ಬೇಡ ಅಂತಿಲ್ಲ. ಗಾಡಿ ಚೆನ್ನಾಗಿದೆ ಡಾಕ್ಟ್ರೇ. ನನಗೆ ಇದನ್ನ ಓಡಿಸೋಕೆ ಬರಲ್ಲ."

ಡಾಕ್ಟರು ನಕ್ಕರು, ತಮಾಷೆ ಎಂದುಕೊಂಡು. ಯಾರೂ ನಗದಿರುವುದನ್ನು ನೋಡಿ ನಿಲ್ಲಿಸಿದರು. "ನನ್ನ ಮಗಳಿಗೆ ನೀವೇ ಅಲ್ವಾ ಮೇಷ್ಟ್ರೇ ಕಲಿಸಿದ್ದು?"

"ಹೌದು. ನಿಧಾನವಾಗಿ ಹೋಗೋದು ಕಲಿಸಿದ್ದೀನಿ. ನನಗೆ ಬರೋದೂ ಅಷ್ಟೇ."

ಕೀಯನ್ನು ಡಾಕ್ಟರ ಅಂಗೈಯಲ್ಲಿಟ್ಟು ಹೊರಗೆ ಬಂದರು. ಭಾವಮೈದನ ವ್ಯಾನಿನಲ್ಲಿ ಸ್ಪ್ಯಾನರು, ಎಣ್ಣೆ ಡಬ್ಬಿಗಳ ನಡುವೆ ಮೂವರೂ ಒತ್ತಿಕೊಂಡು ಕೂತರು.

"ಅದನ್ನ ಹೇಳಲೇಬೇಕಿತ್ತಾ ಭಾವ?" ಎಂದ ಭಾವಮೈದ. "ಊರಿನ ಅರ್ಧ ಜನ ಹಲ್ಲು ತೋರಿಸೋಕೆ ಅಲ್ಲಿಗೇ ಹೋಗೋದು. ಕುರ್ಚೀಲಿ ಬಾಯಿ ಅಗಲಿಸಿಕೊಂಡು ಮಲಗಿದೋರಿಗೆ ಡಾಕ್ಟ್ರು ಹೇಳ್ತಾರೆ, ಡ್ರೈವಿಂಗ್ ಮೇಷ್ಟ್ರಿಗೆ ಡ್ರೈವಿಂಗ್ ಬರಲ್ವಂತೆ ಅಂತ. ಅವರು ಎದ್ದು ಹೋಗೋ ಹಾಗಿಲ್ಲ, ಮಧ್ಯೆ ಮಾತಾಡೋ ಹಾಗಿಲ್ಲ. ಪೂರ್ತಿ ಕೇಳಿಸ್ಕೋತಾರೆ. ಆಮೇಲೆ ಕಲಿಯೋಕೆ ಯಾರು ಬರ್ತಾರೆ ನಿಮ್ಮ ಹತ್ತಿರ?"

ಅದು ಮೇಷ್ಟ್ರಿಗೆ ಹೊಳೆದೇ ಇರಲಿಲ್ಲ. ಗಂಟು ಉಳಿಸಿಕೊಂಡೆ ಎಂದುಕೊಳ್ಳುವಷ್ಟರಲ್ಲಿ ಗಿರಾಕಿ ಕಳೆದುಕೊಂಡೆನೇನೋ ಎನಿಸಿತು.

"ಸೋಮವಾರ ಹೊಸಬರು ಎಷ್ಟು ಜನ?" ಎಂದು ಕೇಳಿದಳು ಹೆಂಡತಿ.

"ಐದು."

"ಡಾಕ್ಟ್ರು ಅಷ್ಟರೊಳಗೆ ಎಷ್ಟು ಜನರ ಹಲ್ಲು ಕೀಳ್ತಾರೋ ನೋಡೋಣ," ಎಂದಳು. ಭಾವಮೈದ ಜೋರಾಗಿ ನಕ್ಕ. ಅವಳೂ ನಕ್ಕಳು. ನಗುತ್ತಲೇ ಮೇಷ್ಟ್ರ ಮಂಡಿಯ ಮೇಲೆ ಕೈಯಿಟ್ಟಳು. ನರ್ಸಿನ ಕೈ, ಎಲ್ಲಿ ಒತ್ತಬೇಕೋ ಅಲ್ಲೇ ಒತ್ತಿ ಹಿಡಿಯಿತು.

ಮೇಷ್ಟ್ರು ಸೋಮವಾರಕ್ಕೆ ಒಪ್ಪಿಕೊಂಡಿದ್ದ ಐವರ ಮುಖವನ್ನು ಒಂದೊಂದಾಗಿ ನೆನೆಸಿಕೊಂಡರು. ಅವರಲ್ಲಿ ಯಾರಿಗೆ ಹಲ್ಲುನೋವಿರಬಹುದು ಎಂದು ಯೋಚಿಸತೊಡಗಿದರು.