ಕೂಸು ತೂಗಿದ ತಟ್ಟೆ

ನಾನು ಒಂದು ತಟ್ಟೆ. ಊಟದ ತಟ್ಟೆಯಲ್ಲ, ದಯವಿಟ್ಟು ಆ ತಪ್ಪು ಮಾಡಬೇಡಿ. ಕಾರ್ಖಾನೆಯಲ್ಲಿ ತಗಡನ್ನು ಒತ್ತಿ, ಅಂಚು ಎತ್ತರಿಸಿ, ಬಿಳಿ ಎನಾಮಲ್ ಬಳಿದು, ಬೆಂಕಿಯಲ್ಲಿ ಸುಟ್ಟು ನನ್ನನ್ನು ಮಾಡಿದರು. ಅಲ್ಲಿಂದ ಗದಗಿನ ಒಂದು ಹೆರಿಗೆ ಆಸ್ಪತ್ರೆಗೆ ಬಂದೆ. ಹುಟ್ಟಿದ ಕೂಸುಗಳನ್ನು ತೂಗುವ ಯಂತ್ರದ ಮೇಲೆ ಕೂರುವುದು ನನ್ನ ಕೆಲಸ.

ಆ ವಾರ್ಡಿನ ಆಯಾ ದ್ಯಾಮವ್ವ. ಕೂಸನ್ನು ನನ್ನ ಮೇಲೆ ಮಲಗಿಸಿ, ಮುಳ್ಳು ನೋಡಿ, ಬಾಣಂತಿಗೆ ಹೇಳುತ್ತಿದ್ದಳು: "ತೂಕ ಏರೇತಿ. ಚಿಂತಿ ಬಿಡ ತಂಗಿ." ದಿನವೂ ನನ್ನನ್ನು ಬಿಸಿನೀರು, ಸೋಪಿನಿಂದ ತೊಳೆದು ಬಿಸಿಲಿಗೆ ಇಡುತ್ತಿದ್ದಳು. ನೆಲಕ್ಕೆ, ಪಾಯಖಾನೆಗೆ ಮಾತ್ರ ಫಿನಾಯಿಲ್. ಅದರ ವಾಸನೆ ಬಾರದಿದ್ದರೆ ಅವಳಿಗೆ ಸಮಾಧಾನವೇ ಇರಲಿಲ್ಲ.

ಹೊಸ ಯಂತ್ರ ಬಂದಿತು. ನನ್ನ ಮುಳ್ಳು, ಸ್ಪ್ರಿಂಗು ಗುಜರಿಗೆ ಹೋದವು. ಅದೇ ವರ್ಷ ದ್ಯಾಮವ್ವ ನಿವೃತ್ತಳಾದಳು. ಕೇಳಿಕೊಂಡು ನನ್ನನ್ನು ಮನೆಗೆ ತಂದಳು. ಕೆಲವು ವರ್ಷ ನನ್ನ ಮೇಲೆ ಸಂಡಿಗೆ ಒಣಗಿತು. ಆಸ್ಪತ್ರೆ ಕಂಡವನಿಗೆ ಸಂಡಿಗೆ ಕಾಯುವ ಕೆಲಸವೇ ಎಂದು ಮುನಿಸಿಕೊಂಡಿದ್ದೆ.

ಆಮೇಲೆ ಕೆಂಚಿ ಎಂಬ ಬೆಕ್ಕು ಬಂದಿತು. ಅದರ ಪಾಯಖಾನೆಗೆಂದು ದ್ಯಾಮವ್ವ ನನ್ನಲ್ಲಿ ಮರಳು ತುಂಬಿ ಹಿತ್ತಲ ಬಾಗಿಲ ಬಳಿ ಇಟ್ಟಳು. ನನಗಾದ ಅವಮಾನ ಅಷ್ಟಿಷ್ಟಲ್ಲ. ಆದರೆ ಕೆಂಚಿ ಮೆಲ್ಲಗೆ ಕಾಲಿಟ್ಟಾಗ ಹಳೆಯ ಅಭ್ಯಾಸ ಬಿಡಲಿಲ್ಲ. ಮನಸ್ಸಿನಲ್ಲೇ ತೂಗಿದೆ, ಮೂರು ಕೆಜಿ.

ದ್ಯಾಮವ್ವ ದಿನವೂ ಮರಳು ಚೆಲ್ಲಿ, ನನ್ನನ್ನು ಫಿನಾಯಿಲ್ ಹಾಕಿ ತಿಕ್ಕಿ, ಹೊಸ ಮರಳಿನ ಮೇಲೂ ನಾಲ್ಕು ಹನಿ ಚಿಮುಕಿಸುತ್ತಿದ್ದಳು. ಆ ವಾಸನೆಗೆ ನಾನೂ ಬೀಗುತ್ತಿದ್ದೆ, ಮತ್ತೆ ಆಸ್ಪತ್ರೆಗೆ ಹೋದಂತೆ. ಕೆಂಚಿ ಮರಳು ಕೆದರುತ್ತಿತ್ತು, ಹೊರಬಂದು ಕಾಲು ನೆಕ್ಕಿಕೊಳ್ಳುತ್ತಿತ್ತು. ಅದು ದಿನದಿನಕ್ಕೆ ಹಗುರವಾಗುವುದು ನನಗೆ ಮೊದಲು ಗೊತ್ತಾಯಿತು. ಹೇಳಲು ನನಗೆ ಮುಳ್ಳಿರಲಿಲ್ಲ.

ಒಂದು ಬೆಳಿಗ್ಗೆ ಕೆಂಚಿಯ ಬಾಯಲ್ಲಿ ಜೊಲ್ಲು, ಮೈಯೆಲ್ಲ ನಡುಕ. ದ್ಯಾಮವ್ವ ನನ್ನ ಮರಳು ಚೆಲ್ಲಿ, ಟವೆಲ್ ಹಾಸಿ, ಅದನ್ನು ನನ್ನಲ್ಲೇ ಮಲಗಿಸಿಕೊಂಡು ದನದ ಡಾಕ್ಟರ ಬಳಿಗೆ ಓಡಿದಳು. ಡಾಕ್ಟರು ಬೆಕ್ಕನ್ನು ಮುಟ್ಟಿ ನೋಡಿದರು. ಆಮೇಲೆ ಬಗ್ಗಿ ನನ್ನನ್ನು ಮೂಸಿದರು.

"ಇದನ್ನ ಯಾತರಿಂದ ತೊಳೀತೀರಿ ಯವ್ವಾ?"

"ಫಿನಾಯಿಲ್ ರೀ. ಒಂದಿನಾನೂ ತಪ್ಪಿಸಿಲ್ರಿ."

"ಬೆಕ್ಕಿಗೆ ಅದು ವಿಷ ರೀ. ಇದರಾಗ ಕೆದರಿ ಕಾಲು ನೆಕ್ಕತೈತಿ. ದಿನಾ ಹೊಟ್ಟಿಗೆ ಹೋಗೇತಿ."

ಮೂರನೆಯ ದಿನ ಕೆಂಚಿ ಸತ್ತಿತು. ದ್ಯಾಮವ್ವ ನನ್ನನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಪಾಯಖಾನಿ ಅಂತ ತಿಳದು ತೊಳದೆ. ಕೂಸಿನ ತಟ್ಟಿ ಅಂತ ತೊಳೀಬೇಕಿತ್ತು." ನಾನೂ ಪಾಲುದಾರನೇ. ಬೀಗಿದ್ದೆನಲ್ಲ.

ನಾಲ್ಕು ತಿಂಗಳು ಹಿತ್ತಲಲ್ಲಿ ಬೋರಲು ಬಿದ್ದಿದ್ದೆ. ಆಗ ಪಕ್ಕದ ಮನೆಯ ಹಸೀನಾ ಒಂದು ಬೆಕ್ಕಿನ ಮರಿ ತಂದಳು. "ತಾಯಿ ಇಲ್ಲದ ಮರಿ ರೀ ದ್ಯಾಮವ್ವಾರ. ನಿಮ್ಮ ಕೈಯಾಗ ಉಳೀತೈತಿ."

"ಈ ಕೈಯಾಗ ಬ್ಯಾಡವಾ" ಎಂದಳು ದ್ಯಾಮವ್ವ. ಮರಿ ಮಾತ್ರ ಆಗಲೇ ಅವಳ ಸೆರಗು ಹಿಡಿದು ಹತ್ತುತ್ತಿತ್ತು.

ಮರುದಿನ ಫಿನಾಯಿಲ್ ಬಾಟಲಿ ಮನೆಯಿಂದ ಹೊರಬಿತ್ತು. ನನಗೆ ಬಿಸಿನೀರು, ಸೋಪು, ಬಿಸಿಲು. ವಾಸನೆ ಹೋಗಲು ವಾರವೇ ಬೇಕಾಯಿತು. ಹಸೀನಾ ಅಂಗಡಿಯಿಂದ, ಮರಳಿನ ಬದಲು ಹಾಕುವ ಘಮಘಮಿಸುವ ಪುಡಿಯ ಪೊಟ್ಟಣ ತಂದುಕೊಟ್ಟಳು. ದ್ಯಾಮವ್ವ ಒಂದು ಚಿಟಿಕೆಗೆ ನೀರು ಹಾಕಿದಳು. ಅದು ಉಬ್ಬಿ ಗಟ್ಟಿ ಉಂಡೆಯಾಯಿತು. "ಕೂಸು ಎಲ್ಲಾನೂ ಬಾಯಿಗೆ ಹಾಕ್ಕೋತೈತಿ. ಹೊಟ್ಟ್ಯಾಗ ಹಿಂಗಾದ್ರ?" ಎಂದು ಮರಳಿಸಿದಳು. ಬಡಗಿಯ ಮನೆಯ ಪ್ಲೈವುಡ್ ಹೊಟ್ಟನ್ನು ಮೂಸಿ, ಅಂಟಿನ ವಾಸನೆ ಎಂದು ಅದನ್ನೂ ಬಿಟ್ಟಳು. ಕೊನೆಗೆ ಬರೀ ಮರಳನ್ನು ತೊಳೆದು, ಜರಡಿ ಹಿಡಿದು, ಒಣಗಿಸಿ ತುಂಬಿದಳು.

ಮರಿ ನನ್ನೊಳಗೆ ಇಳಿದು ಕೆದರಿತು. ಹೊರಬಂದು ಕುಳಿತು ಕಾಲು ನೆಕ್ಕತೊಡಗಿತು. ದ್ಯಾಮವ್ವ ಪಕ್ಕದಲ್ಲೇ ಕುಳಿತು ನೋಡುತ್ತಿದ್ದಳು, ನಾನೂ.

ಈಗ ನನ್ನ ಎನಾಮಲ್ ಅಲ್ಲಲ್ಲಿ ಚಕ್ಕೆ ಎದ್ದಿದೆ. ನನ್ನ ಮೇಲೆ ನಂಬಿ ಮಲಗಿದವರು, ನಂಬಿ ಕಾಲಿಟ್ಟವರು ಎಷ್ಟೋ. ಅವರಲ್ಲಿ ಕೆಂಚಿಯನ್ನು ಮರೆಯಲಾರೆ. ಇವತ್ತು ಮರಿ ಒಳಗೆ ಬಂದಾಗ, ಹೋದ ವಾರಕ್ಕಿಂತ ಭಾರವೆನಿಸಿತು. ಹೇಳಲು ಮುಳ್ಳಿಲ್ಲವಲ್ಲ ಎಂದುಕೊಂಡೆ. ಅಷ್ಟರಲ್ಲಿ ದ್ಯಾಮವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

"ತೂಕ ಏರೇತಿ" ಎಂದಳು.