ಕುರ್ಚಿಯ ಬೆನ್ನಿಗೆ ಕಟ್ಟಿದ ಚೀಲ

ಗಂಡ ವಾಹನಗಳ ಸೀಟು ಹೊಲಿಯುವವನು. ಮದುವೆಯಾದಾಗಿನಿಂದ ಹೆಂಡತಿಗೆ ಒಂದು ದಿಂಬಿನ ಚೀಲವನ್ನೂ ಹೊಲಿದುಕೊಟ್ಟವನಲ್ಲ. ಈಗ ಗಾಲಿಕುರ್ಚಿಯಲ್ಲಿ ಓಡಾಡುವ ತನ್ನ ತಂಗಿಗಾಗಿ, ನೆರೆ ಬಂದರೆ ಬೇಕಾಗುತ್ತದೆಂದು ವಾರವಿಡೀ ಕೂತು ಒಂದು ಚೀಲ ಹೊಲಿದಿದ್ದ. ನೀರಿಳಿಯದ ಬಟ್ಟೆ; ಟಾರ್ಚು, ಸೀಟಿ, ಮಾತ್ರೆ, ಚಕ್ರದ ಪಂಚರ್ ಸಾಮಾನು, ಒಂದೊಂದಕ್ಕೂ ಬೇರೆ ಜೇಬು.

"ನಾನು ಮುಳುಗಿದ್ರೆ ಊದೋಕೆ ಒಂದು ಸೀಟಿನೂ ಇಲ್ಲ," ಎಂದು ಹೆಂಡತಿ ಗೊಣಗಿದಳು.

"ನಿನಗ್ಯಾಕೆ ಸೀಟಿ? ಆ ಗಂಟಲೇ ಸಾಕು," ಎಂದು ನಗುತ್ತ ಅವನು ಅಂಗಡಿಗೆ ಹೊರಟ.

ಹೊಟ್ಟೆ ಉರಿದು, ಏನಾದರೂ ತಪ್ಪು ಸಿಗಲಿ ಎಂದೇ ಅವಳು ಚೀಲವನ್ನು ದಿಟ್ಟಿಸಿದಳು. ಸಿಕ್ಕೇಬಿಟ್ಟಿತು. ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

"ಟಾರ್ಚು ತೆಗಿ ನೋಡೋಣ," ಎಂದಳು ನಾದಿನಿಗೆ.

ನಾದಿನಿ ತೋಳನ್ನು ಹಿಂದಕ್ಕೆ ತಿರುಚಿದಳು, ಎಟುಕಲಿಲ್ಲ. "ಕುರ್ಚಿ ತಳ್ಳೋ ಅಣ್ಣನಿಗೆ ಸಿಗುತ್ತಲ್ಲ ಅತ್ತಿಗೆ. ಹೇಳ್ಬೇಡಿ, ನೊಂದ್ಕೋತಾನೆ."

"ನಿಮ್ಮಣ್ಣ ಅಂಗಡೀಲಿದ್ದಾಗ ನೀರು ಬಂದ್ರೆ?"

ಹೆಂಡತಿ ಬೆನ್ನಿನ ಪಟ್ಟಿ ಬಿಚ್ಚಿ, ಚೀಲವನ್ನು ಸೀಟಿನ ಮುಂದಿನ ಅಂಚಿಗೆ, ಬಗ್ಗಿದರೆ ಕೈಗೆ ಸಿಗುವಂತೆ ಹೊಲಿದಳು.

ಸಂಜೆ ನಾದಿನಿ ಟಾರ್ಚು ತೆಗೆದು ಅಣ್ಣನ ಮುಖಕ್ಕೇ ಬೆಳಕು ಬಿಟ್ಟಳು. "ಅತ್ತಿಗೆ ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ ನೋಡು!"

ಅವನು ಹೊಲಿಗೆ ಎಳೆದು ನೋಡಿದ. "ದಾರ ದಪ್ಪ ಆಯ್ತು," ಎಂದು ಮುಖ ಊದಿಸಿಕೊಂಡ.

ಅದು ಯಾವ ಹೊಟ್ಟೆಯುರಿ ಎಂದು ಹೆಂಡತಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹಾಗಾದ್ರೆ ನನ್ನ ಚೀಲಕ್ಕೆ ತೆಳು ದಾರ ಹಾಕಿ," ಎಂದಳು.